ಬೀದರ್ ಜಿಲ್ಲೆಯಲ್ಲಿ ಬೇಸಿಗೆ ಕಾಲದ ಹೈನುರಾಸುಗಳ ಆಹಾರ

ಬೀದರ್ ಜಿಲ್ಲೆಯಲ್ಲಿ ಬೇಸಿಗೆ ಕಾಲದ ಹೈನುರಾಸುಗಳ ಆಹಾರ ಎಂಬ ಈ ಲೇಖನವು ಕರ್ನಾಟಕದ ಈಶಾನ್ಯ ತುದಿಯಲ್ಲಿರುವ ಬೀದರ್ ಜಿಲ್ಲೆಯ ಸಣ್ಣ ಹಿಡುವಳಿದಾರರು ಮಳೆಯಿಲ್ಲದ ತಿಂಗಳುಗಳಲ್ಲಿ ಹಾಲು ಕೊಡುವ ಹಸುಗಳಿಗೆ ಮೇವು, ಹಿಂಡಿ ಮತ್ತು ನೀರನ್ನು ಒದಗಿಸುವ ಕ್ರಮಗಳನ್ನು ವಿವರಿಸುತ್ತದೆ. ಜಿಲ್ಲೆಯ ಬಹುಪಾಲು ಹಾಲು ಒಂದರಿಂದ ನಾಲ್ಕು ರಾಸುಗಳಿರುವ ಮನೆಗಳಿಂದ ಬರುತ್ತದೆ. ಇಂತಹ ಮನೆಗಳಲ್ಲಿ ಮೇವಿನ ಕೊರತೆ ಕಾಣಿಸಿಕೊಳ್ಳುವುದು ಮಾರ್ಚ್‌ನಿಂದ ಜೂನ್ ನಡುವೆ. ಆದರೆ ಆ ಕೊರತೆಯ ಪ್ರಮಾಣವು ಬಹುಮಟ್ಟಿಗೆ ಹಿಂದಿನ ಜೂನ್‌ನ ಬಿತ್ತನೆಯಲ್ಲಿಯೂ, ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ಕಟಾವು ಮತ್ತು ಸಂಗ್ರಹದಲ್ಲಿಯೂ ನಿರ್ಧಾರವಾಗಿರುತ್ತದೆ.

ಪ್ರದೇಶ ಮತ್ತು ಋತು

ಬೀದರ್ ನಗರ ಹಾಗೂ ಅದರ ಸುತ್ತಿನ ಎತ್ತರದ ಭಾಗವು ಜಂಬಿಟ್ಟಿಗೆಯ ಪ್ರಸ್ಥಭೂಮಿಯಾಗಿದ್ದು, ಇಲ್ಲಿ ನೀರು ಬೇಗ ಬಸಿದುಹೋಗುವ ಕೆಂಪು ಮಣ್ಣು ಹೆಚ್ಚು. ಭಾಲ್ಕಿ ಮತ್ತು ಔರಾದ್ ಕಡೆಗೆ ತೇವ ಹಿಡಿದಿಡುವ ಕಪ್ಪು ಮಣ್ಣು ವ್ಯಾಪಕವಾಗಿದೆ. ಮಾಂಜ್ರಾ ನದಿ ಮತ್ತು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯದ ಆಸುಪಾಸಿನ ಗ್ರಾಮಗಳನ್ನು ಬಿಟ್ಟರೆ ಉಳಿದೆಡೆ ಬೇಸಿಗೆಯ ನೀರಾವರಿಗೆ ಬಾವಿ ಮತ್ತು ಕೊಳವೆಬಾವಿಗಳೇ ಆಧಾರ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 800 ಮಿ.ಮೀ. ಮೀರುತ್ತದೆ. ಬಯಲುಸೀಮೆಯ ಲೆಕ್ಕಕ್ಕೆ ಇದು ಕಡಿಮೆಯೇನಲ್ಲ. ತೊಂದರೆಯಿರುವುದು ಅದರ ಹಂಚಿಕೆಯಲ್ಲಿ: ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಡಿಸೆಂಬರ್ ವೇಳೆಗೆ ಗಾಯರಾಣ ಮತ್ತು ಹೊಲದ ಬದುಗಳ ಹುಲ್ಲು ಒಣಗುತ್ತದೆ. ಮೇ ತಿಂಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ.

ಬೆಳೆ ಬದಲಾವಣೆ ಮತ್ತು ಒಣಮೇವು

ಬೀದರ್ ಸೀಮೆಯಲ್ಲಿ ಬೇಸಿಗೆಯ ಮೇವು ಎಂದರೆ ಪರಂಪರೆಯಿಂದ ಜೋಳದ ಕಣಕಿ. ಗಡಿಯ ಗ್ರಾಮಗಳಲ್ಲಿ ಇದಕ್ಕೆ ಮರಾಠಿಯಿಂದ ಬಂದ ಕಡಬಿ ಎಂಬ ಹೆಸರೂ ಉಂಟು. ಹಿಂಗಾರಿ ಜೋಳವನ್ನು ಫೆಬ್ರುವರಿ–ಮಾರ್ಚ್‌ನಲ್ಲಿ ಕೊಯ್ದು, ತೆನೆ ಮುರಿದು, ದಂಟನ್ನು ಸಿವುಡು ಕಟ್ಟಿ ಬಣವೆ ಒಟ್ಟಲಾಗುತ್ತದೆ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ಕೆಯಾದ ಮಾಲ್ದಂಡಿ (ಎಂ 35-1) ತಳಿಯು ಇಂದಿಗೂ ಉಳಿದುಬಂದಿರುವುದಕ್ಕೆ ಅದರ ರೊಟ್ಟಿಯ ರುಚಿ ಒಂದು ಕಾರಣವಾದರೆ, ಎತ್ತರವಾಗಿ ಬೆಳೆಯುವ ಸಿಹಿ ದಂಟು ಮತ್ತೊಂದು.

ಕಳೆದ ಎರಡು ದಶಕಗಳಲ್ಲಿ ಮುಂಗಾರಿನ ಹೊಲಗಳನ್ನು ಸೋಯಾಅವರೆ ಆವರಿಸಿಕೊಂಡಿದೆ. ರಾಜ್ಯದಲ್ಲಿ ಈ ಬೆಳೆಯನ್ನು ಅತಿ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ಬೀದರ್ ಒಂದು. ಸೋಯಾ ಕೈಗೆ ನಗದು ತರುತ್ತದೆ, ಆದರೆ ಮೇವು ತರುವುದಿಲ್ಲ. ಬೆಳೆ ಮಾಗುವ ಹೊತ್ತಿಗೆ ಎಲೆಗಳೆಲ್ಲ ಉದುರಿ, ಉಳಿಯುವ ಕಾಂಡ ಗಡುಸಾಗಿ, ಲಿಗ್ನಿನ್ ಎಂಬ ಜೀರ್ಣವಾಗದ ಅಂಶದಿಂದ ತುಂಬಿರುತ್ತದೆ. ಕಾಯಿಯ ಸಿಪ್ಪೆಯನ್ನು ರಾಸುಗಳು ತಿನ್ನುತ್ತವೆ; ಕಡ್ಡಿಯನ್ನು ಗೋದಲಿಯಲ್ಲೇ ಬಿಡುತ್ತವೆ. ಕಟಾವು ಯಂತ್ರ ಬಳಸಿದ ಹೊಲದಲ್ಲಿ ಈ ಹೊಟ್ಟೂ ಚದುರಿಹೋಗುವುದರಿಂದ ಕೂಡಿಸಿ ತರಲು ಕೂಲಿ ಗಿಟ್ಟುವುದಿಲ್ಲ. ಆದ್ದರಿಂದ ಮಳೆ ಚೆನ್ನಾಗಿ ಆದ ವರ್ಷದಲ್ಲಿಯೂ, ಕಾಳಿನ ರಾಶಿ ದೊಡ್ಡದಾಗಿ ಬಣವೆ ಚಿಕ್ಕದಾಗಿರುವ ಮನೆಗಳು ಕಾಣಸಿಗುತ್ತವೆ. ಬೇಸಿಗೆಯ ಮೇವಿನ ಅಭಾವವನ್ನು ಕೇವಲ ಬರಗಾಲದ ಫಲವೆಂದು ನೋಡುವ ವರದಿಗಳು ಈ ಅಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಉಳಿದ ಒಣಮೇವುಗಳು ಒಂದರ ಹಿಂದೊಂದು ಬರುತ್ತವೆ. ಹೆಸರು ಮತ್ತು ಉದ್ದಿನ ಹೊಟ್ಟು ಮಳೆಗಾಲದ ಕೊನೆಗೆ, ತೊಗರಿಯ ಹೊಟ್ಟು ಡಿಸೆಂಬರ್–ಜನವರಿಯಲ್ಲಿ, ಕಡಲೆಯ ಹೊಟ್ಟು ಫೆಬ್ರುವರಿಯಲ್ಲಿ ಕೈಗೆ ಸಿಗುತ್ತವೆ. ಎಲೆ ಮತ್ತು ಕಾಯಿಸಿಪ್ಪೆಯ ಭಾಗ ಹೆಚ್ಚಿರುವ ದ್ವಿದಳ ಹೊಟ್ಟುಗಳಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ಕಣಕಿಗಿಂತ ಹೆಚ್ಚು. ಕಣಕಿಯಲ್ಲಿ ಅದು ನೂರಕ್ಕೆ ನಾಲ್ಕರ ಆಸುಪಾಸಿನಲ್ಲಿರುತ್ತದೆ. ಮೆಲುಕುಚೀಲದ ಸೂಕ್ಷ್ಮಜೀವಿಗಳು ನಾರನ್ನು ಒಡೆಯಬೇಕಾದರೆ ಆಹಾರದಲ್ಲಿ ಕನಿಷ್ಠ ಏಳರಷ್ಟಾದರೂ ಸಸಾರಜನಕ ಬೇಕು. ಅದಿಲ್ಲದಿದ್ದರೆ ಹೊಟ್ಟೆ ತುಂಬ ಕಣಕಿ ತಿಂದ ಹಸುವೂ ಬಡವಾಗುತ್ತ ಹೋಗುತ್ತದೆ. ಹೀಗಾಗಿ ತೊಗರಿ ಅಥವಾ ಕಡಲೆ ಹೊಟ್ಟನ್ನು ಸಿಕ್ಕ ತಿಂಗಳಲ್ಲೇ ತಿನ್ನಿಸಿ ಮುಗಿಸದೆ, ಜೂನ್‌ವರೆಗೆ ಕಣಕಿಯೊಂದಿಗೆ ಬೆರೆಸುತ್ತ ಹೋಗುವುದು ಲಾಭಕರ.

ಕಾರ್ಖಾನೆಗಳು ಕಬ್ಬು ನುರಿಸುವ ನವೆಂಬರ್–ಮಾರ್ಚ್ ಅವಧಿಯಲ್ಲಿ ಭಾಲ್ಕಿ, ಹುಮನಾಬಾದ್ ಮತ್ತು ಬೀದರ್ ತಾಲ್ಲೂಕುಗಳಲ್ಲಿ ಕಬ್ಬಿನ ಹಸಿ ತುದಿಗಳು ಅಗ್ಗದ ಮೇವಾಗುತ್ತವೆ. ಇವುಗಳಲ್ಲಿರುವ ಆಕ್ಸಲೇಟ್ ದೇಹಕ್ಕೆ ಸೇರಬೇಕಾದ ಸುಣ್ಣದಂಶವನ್ನು ಕಟ್ಟಿಹಾಕುವುದರಿಂದ, ಕಬ್ಬಿನ ತುದಿಯನ್ನೇ ಮುಖ್ಯ ಮೇವಾಗಿ ಕೊಡುವಾಗ ಖನಿಜ ಮಿಶ್ರಣವನ್ನು ತಪ್ಪಿಸಬಾರದು.

ದಿನದ ಆಹಾರದ ಲೆಕ್ಕ

ಹಾಲು ಕೊಡುವ ಹಸು ದಿನಕ್ಕೆ ತನ್ನ ದೇಹತೂಕದ ಶೇ. 2.5ರಿಂದ 3ರಷ್ಟು ಒಣಾಂಶವನ್ನು, ಅಂದರೆ ನೀರನ್ನು ಕಳೆದು ಉಳಿಯುವ ಆಹಾರವನ್ನು, ತಿನ್ನಬಲ್ಲದು. 400 ಕಿ.ಗ್ರಾಂ. ತೂಕದ ಮಿಶ್ರತಳಿ ಹಸುವಿಗೆ ಇದು 10ರಿಂದ 12 ಕಿ.ಗ್ರಾಂ. ಕಣಕಿಯಲ್ಲಿ ಒಣಾಂಶ ಸುಮಾರು ಶೇ. 90, ಹಸಿರು ನೇಪಿಯರ್ ಹುಲ್ಲಿನಲ್ಲಿ ಸುಮಾರು ಶೇ. 20 ಇರುತ್ತದೆ. ಆದ್ದರಿಂದ ದಿನಕ್ಕೆ 8 ಲೀಟರ್ ಹಾಲು ಕೊಡುವ ಇಂತಹ ಹಸುವಿಗೆ 6 ಕಿ.ಗ್ರಾಂ. ಕಣಕಿ ಅಥವಾ ಹೊಟ್ಟು, 15 ಕಿ.ಗ್ರಾಂ. ಹಸಿರು ಮೇವು ಮತ್ತು ಮೂರೂವರೆ ಕಿ.ಗ್ರಾಂ. ದಾಣಿ ಸಾಕಾಗುತ್ತದೆ. ಹಸಿರು ಮೇವು ಇಲ್ಲವೇ ಇಲ್ಲ ಎನ್ನುವಂತಾದರೆ ದಾಣಿಯನ್ನು ಹೆಚ್ಚಿಸಬೇಕು: ದೇಹ ಪೋಷಣೆಗೆ ಒಂದೂವರೆ ಕಿ.ಗ್ರಾಂ., ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿ.ಗ್ರಾಂ. ಎಂಬುದು ರೂಢಿಯ ಲೆಕ್ಕ. ಎರಡು ಹೊತ್ತಿನ ದಾಣಿಯಲ್ಲಿ ಒಟ್ಟು 50 ಗ್ರಾಂ ಖನಿಜ ಮಿಶ್ರಣ ಮತ್ತು 30 ಗ್ರಾಂ ಉಪ್ಪು ಸೇರಿಸಲಾಗುತ್ತದೆ.

ಇದೇ ಲೆಕ್ಕವನ್ನು ಋತುವಿಗೆ ಹರಡಿದರೆ ಬಣವೆಯ ಗಾತ್ರ ತಿಳಿಯುತ್ತದೆ. ಫೆಬ್ರುವರಿ ಆರಂಭದಿಂದ ಜೂನ್ ಮಧ್ಯದವರೆಗೆ ಸುಮಾರು 135 ದಿನ. ದಿನಕ್ಕೆ 6 ಕಿ.ಗ್ರಾಂ.ನಂತೆ 810 ಕಿ.ಗ್ರಾಂ.; ತುಳಿದು, ಎಳೆದಾಡಿ ಹಾಳಾಗುವುದನ್ನೂ ಸೇರಿಸಿದರೆ ಒಂದು ಹಸುವಿಗೆ ಒಂದು ಟನ್ ಒಣಮೇವು. ಎತ್ತುಗಳಿರುವ ಮನೆಯಲ್ಲಿ ಅವುಗಳ ಪಾಲನ್ನು ಬೇರೆಯಾಗಿಯೇ ಎಣಿಸಬೇಕು. ಫೆಬ್ರುವರಿಯಲ್ಲಿ ಈ ಲೆಕ್ಕ ಹಾಕಿದವರಿಗೆ ಕೊರತೆ ಇದ್ದರೆ ಸುಗ್ಗಿಯ ದರದಲ್ಲಿ ಕಣಕಿ ಕೊಳ್ಳುವ ಅವಕಾಶವಿರುತ್ತದೆ. ಮೇ ತಿಂಗಳಲ್ಲಿ ಅದೇ ಕಣಕಿ ಗಡಿಯಾಚೆಯ ಮಹಾರಾಷ್ಟ್ರ, ತೆಲಂಗಾಣಗಳ ಬೇಡಿಕೆಯೊಂದಿಗೆ ಪೈಪೋಟಿಗೆ ಬಿದ್ದು ದುಬಾರಿಯಾಗುತ್ತದೆ.

ಇಡೀ ದಂಟನ್ನು ಹಾಗೆಯೇ ಹಾಕಿದಾಗ ಹಸು ಎಲೆ ಮತ್ತು ತುದಿಯನ್ನು ತಿಂದು ಬುಡವನ್ನು ಬಿಡುತ್ತದೆ. ಚಾಫ್ ಕಟರ್‌ನಲ್ಲಿ ಎರಡು–ಮೂರು ಸೆಂ.ಮೀ. ತುಂಡುಗಳಾಗಿ ಕತ್ತರಿಸಿ ಕೊಡುವುದೊಂದೇ ಈ ನಷ್ಟವನ್ನು ಬಹುಪಾಲು ತಡೆಯುತ್ತದೆ. ಮೇವಿನ ಕುರಿತ ಸುಧಾರಣೆಗಳಲ್ಲಿ ಇದಕ್ಕಿಂತ ಸರಳವಾದದ್ದು ಮತ್ತೊಂದಿಲ್ಲ.

ದಾಣಿಗೆ ಸ್ಥಳೀಯವಾಗಿ ತೊಗರಿ ಚುನ್ನಿ, ಕಡಲೆ ಹೊಟ್ಟು, ಗೋಧಿ ಬೂಸಾ, ಹತ್ತಿಕಾಳು ಹಿಂಡಿ, ಕುಸುಬೆ ಹಿಂಡಿ, ಸೋಯಾ ಹಿಂಡಿ ಮತ್ತು ಜೋಳ ಅಥವಾ ಮೆಕ್ಕೆಜೋಳದ ನುಚ್ಚು ದೊರೆಯುತ್ತವೆ. ಹಾಲು ಒಕ್ಕೂಟದ ಸಂಘಗಳಲ್ಲಿ ನಂದಿನಿ ಪಶು ಆಹಾರ ಸಿಗುತ್ತದೆ. ಬೇಸಿಗೆಯಲ್ಲಿ ಹಿಂಡಿಯ ಖರ್ಚು ಉಳಿಸಲು ಕೇವಲ ಬೂಸಾ ಕೊಡುವ ರೂಢಿ ವ್ಯಾಪಕವಾಗಿದೆ. ಆದರೆ ಕಣಕಿಯನ್ನೇ ಆಧರಿಸಿದ ಆಹಾರದಲ್ಲಿ ಮೊದಲು ಕೊರತೆಯಾಗುವುದು ಸಸಾರಜನಕವಾದ್ದರಿಂದ, ಒಂದು ಕಿ.ಗ್ರಾಂ. ಹಿಂಡಿಯನ್ನು ಉಳಿಸಿಕೊಂಡು ಬೂಸಾವನ್ನು ಕಡಿಮೆ ಮಾಡುವುದು ಹೆಚ್ಚು ಸೂಕ್ತ.

ಹಾಲಿನ ದರವು ಕೊಬ್ಬು ಮತ್ತು ಕೊಬ್ಬೇತರ ಘನಾಂಶಗಳನ್ನು ಅವಲಂಬಿಸಿರುವುದರಿಂದ ಕೊರತೆಯು ಎರಡು ಬಗೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ನಾರುಮೇವು ಕಡಿಮೆಯಾದಾಗ ಕೊಬ್ಬು ಇಳಿಯುತ್ತದೆ. ಒಟ್ಟು ಆಹಾರಶಕ್ತಿಯೇ ಕಡಿಮೆಯಾದಾಗ ಘನಾಂಶ ಇಳಿಯುತ್ತದೆ. ಇನ್ನೊಂದು ನಷ್ಟ ಕೂಡಲೇ ಕಾಣುವಂಥದ್ದಲ್ಲ. ಕರು ಹಾಕಿದ ಮೇಲೆ ಮೈ ಇಳಿದುಹೋದ ಹಸು ಸಕಾಲದಲ್ಲಿ ಬೆದೆಗೆ ಬರುವುದಿಲ್ಲ, ಮುಂದಿನ ಸೂಲು ಹಲವು ತಿಂಗಳು ಮುಂದೆ ಹೋಗುತ್ತದೆ. ಒಂದೆರಡು ಹಸುಗಳ ಮನೆಗೆ ಹಾಲಿಲ್ಲದ ಆ ತಿಂಗಳುಗಳು ಬೇಸಿಗೆಯಲ್ಲಿ ಉಳಿಸಿದ ಹಿಂಡಿಯ ಹಣಕ್ಕಿಂತ ದುಬಾರಿ.

ದೇವಣಿ ಮತ್ತು ಮಿಶ್ರತಳಿಗಳು

ಬೀದರ್ ಜಿಲ್ಲೆಯು ನೆರೆಯ ಲಾತೂರು, ನಾಂದೇಡ್, ಪರಭಣಿ ಪ್ರದೇಶದೊಂದಿಗೆ ದೇವಣಿ ಗೋತಳಿಯ ತವರು. ಹಾಲು ಮತ್ತು ಉಳುಮೆ ಎರಡಕ್ಕೂ ಬಳಕೆಯಾಗುವ ಈ ತಳಿಯಲ್ಲಿ ಪೂರ್ಣ ಬಿಳಿಯ ಬಾಲಂಕ್ಯ, ಮುಖದ ಪಕ್ಕೆಗಳಷ್ಟೇ ಕಪ್ಪಾಗಿರುವ ವಾನೇರಾ ಮತ್ತು ಬಿಳಿ ಮೈಯಲ್ಲಿ ಕಪ್ಪು ಮಚ್ಚೆಗಳಿರುವ ಶೇವೇರಾ ಎಂಬ ಮೂರು ಬಗೆಗಳಿವೆ. ಒಂದು ಸೂಲಿನಲ್ಲಿ ಸುಮಾರು 600ರಿಂದ 1200 ಕಿ.ಗ್ರಾಂ. ಹಾಲು ಕೊಡುವ ದೇವಣಿಯು ಹಾಲಿನ ಪ್ರಮಾಣದಲ್ಲಿ ಎಚ್.ಎಫ್. ಅಥವಾ ಜೆರ್ಸಿ ಮಿಶ್ರತಳಿಗೆ ಸಾಟಿಯಲ್ಲ. ಆದರೆ ಬಿಸಿಲನ್ನು ತಾಳಿಕೊಂಡು ಒರಟು ಮೇವಿನ ಮೇಲೆ ಮೈ ಉಳಿಸಿಕೊಳ್ಳುತ್ತದೆ. ಮಿಶ್ರತಳಿ ಹಸು ಸೆಕೆಯಲ್ಲಿ ಮೇವು ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ನೀರಾವರಿಯಿಲ್ಲದ, ಎರಡು ಮೂರು ಎಕರೆಯ ಮನೆಗೆ ಯಾವುದು ಒಳಿತು ಎಂಬುದನ್ನು ಹಾಲಿನ ಅಳತೆಯಿಂದ ಮಾತ್ರ ತೀರ್ಮಾನಿಸಲಾಗದು. ಮೇ ತಿಂಗಳ ಹಿಂಡಿಯ ಖರ್ಚನ್ನೂ ಎದುರಿಗಿಟ್ಟು ನೋಡಬೇಕಾಗುತ್ತದೆ.

ಹಸಿರು ಮೇವು

ತಿಂಗಳುಗಟ್ಟಲೆ ಒಣಮೇವನ್ನೇ ತಿನ್ನುವ ಗಬ್ಬದ ಹಸುಗಳಲ್ಲಿ ‘ಎ’ ಜೀವಸತ್ವದ ಕೊರತೆಯಾಗಿ ದುರ್ಬಲ ಅಥವಾ ಕುರುಡು ಕರು ಹುಟ್ಟುವುದು, ಕಸ ಬೀಳದಿರುವುದು ಮುಂತಾದ ತೊಂದರೆಗಳು ಕಾಣಿಸಿಕೊಳ್ಳಬಹುದು. ದಿನಕ್ಕೆ ಕೆಲವೇ ಕಿ.ಗ್ರಾಂ. ಹಸಿರು ಸಿಕ್ಕರೂ ಇದನ್ನು ತಪ್ಪಿಸಬಹುದಾಗಿದೆ.

ಬಾವಿಯಲ್ಲಿ ಬೇಸಿಗೆಗೂ ನೀರು ಉಳಿಯುವ ಕಡೆ ಹೈಬ್ರಿಡ್ ನೇಪಿಯರ್ ಮುಖ್ಯ ಬೆಳೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಒ-3, ಸಿಒ-4, ಸಿಒ-5 ಹಾಗೂ ಧಾರವಾಡದ ಡಿಎಚ್‌ಎನ್-6 (ಸಂಪೂರ್ಣ) ತಳಿಗಳು ಬಳಕೆಯಲ್ಲಿವೆ. ಪೂರ್ಣ ನೀರು–ಗೊಬ್ಬರದಲ್ಲಿ ಎರಡು ಮೂರು ಗುಂಟೆ ಒಂದು ಹಸುವಿಗೆ ಸಾಕೆಂದು ಲೆಕ್ಕ ಬಂದರೂ ಬೇಸಿಗೆಯಲ್ಲಿ ಇಳುವರಿ ಕುಸಿಯುವುದರಿಂದ ಐದು ಗುಂಟೆ ಇಟ್ಟುಕೊಳ್ಳುವುದು ಸುರಕ್ಷಿತ. ನೇಪಿಯರ್ ಜೊತೆಗೆ ಕುದುರೆ ಮಸಾಲೆ, ಅಲಸಂದೆ ಅಥವಾ ಬೇಲಿ ಮೆಂತೆಯ ಸಾಲುಗಳಿದ್ದರೆ ಹಿಂಡಿಯ ಒಂದು ಭಾಗವನ್ನು ಅವು ತುಂಬಿಕೊಡುತ್ತವೆ.

ನೀರಿಲ್ಲದ ಹೊಲದಲ್ಲಿ ಮರಗಳೇ ಹಸಿರು ಮೇವು. ಬದುವಿನ ಮೇಲೆ ನೆಟ್ಟ ಸುಬಾಬುಲ್, ಚೊಗಚೆ, ಗ್ಲಿರಿಸಿಡಿಯಾ, ನುಗ್ಗೆಗಳ ಬೇರು ಆಳಕ್ಕೆ ಇಳಿಯುವುದರಿಂದ ಹುಲ್ಲು ಒಣಗಿದ ಮೇಲೂ ಚಿಗುರುತ್ತವೆ. ಸುಬಾಬುಲ್ ಎಲೆಯಲ್ಲಿರುವ ಮಿಮೊಸಿನ್ ಎಂಬ ವಿಷಕಾರಿ ಅಂಶದ ದೆಸೆಯಿಂದ ಅದನ್ನು ಒಟ್ಟು ಮೇವಿನ ಮೂರನೆಯ ಒಂದು ಭಾಗದೊಳಗೆ ಇರಿಸಲಾಗುತ್ತದೆ. ಗ್ಲಿರಿಸಿಡಿಯಾ ವಾಸನೆಗೆ ಹಿಂಜರಿಯುವ ರಾಸುಗಳು ಒಂದು ದಿನ ಬಾಡಿಸಿದ ಸೊಪ್ಪನ್ನು ತಿನ್ನುತ್ತವೆ. ಬನ್ನಿ, ಬೇವು, ಅತ್ತಿಯ ಸೊಪ್ಪು ಮತ್ತು ಜಾಲಿಯ ಕಾಯಿ ಹಿಂದಿನಿಂದಲೂ ಬಳಕೆಯಲ್ಲಿರುವ ಆಪತ್ಕಾಲದ ಮೇವು.

ಅಜೋಲಾ ಎಂಬ ನೀರುಸಸ್ಯವನ್ನು ಸಣ್ಣ ರೈತರಿಗೆ ಬಹಳವಾಗಿ ಶಿಫಾರಸು ಮಾಡಲಾಗಿದೆ. ಅದರ ಒಣಾಂಶದಲ್ಲಿ ಸಸಾರಜನಕ ಹೆಚ್ಚು ಎಂಬುದು ನಿಜ. ಆದರೆ ಹಸಿ ಅಜೋಲಾದ ಶೇ. 93ಕ್ಕೂ ಹೆಚ್ಚು ಭಾಗ ನೀರು, ಎರಡು ಕಿ.ಗ್ರಾಂ. ಕೊಟ್ಟರೆ ಹಸುವಿಗೆ ದೊರೆಯುವ ಒಣಾಂಶ ನೂರೈವತ್ತು ಗ್ರಾಂ ಮೀರುವುದಿಲ್ಲ. ಬೀದರಿನ ಏಪ್ರಿಲ್ ಬಿಸಿಲಿಗೆ ನೆರಳಿಲ್ಲದ ತೊಟ್ಟಿಯಲ್ಲಿ ಅದು ಸೊರಗುತ್ತದೆ ಕೂಡ. ಪೂರಕವಾಗಿ ಅದು ಉಪಯುಕ್ತ. ಹಸಿರು ಮೇವಿಗೆ ಬದಲಿಯಲ್ಲ.

ರಸಮೇವು

ಮಳೆಗಾಲದ ಹೆಚ್ಚುವರಿ ಹಸಿರನ್ನು ಗಾಳಿಯಾಡದಂತೆ ಒತ್ತಿ ಹುಳಿಯಿಸಿ ಇಡುವುದೇ ರಸಮೇವು (ಸೈಲೇಜ್). ಮೆಕ್ಕೆಜೋಳದ ಕಾಳು ಹಾಲುತುಂಬಿ ಗಟ್ಟಿಯಾಗತೊಡಗಿದಾಗ, ಗಿಡದಲ್ಲಿ ಶೇ. 65–70ರಷ್ಟು ನೀರಿರುವಾಗ ಕೊಯ್ದು, ಎರಡು–ಮೂರು ಸೆಂ.ಮೀ. ತುಂಡು ಮಾಡಿ ತುಳಿದು ತುಂಬಬೇಕು. ಸುಮಾರು 45 ದಿನಗಳ ನಂತರ ತೆರೆಯಬಹುದು. ನೀರಾವರಿಯಲ್ಲಿ ನಾಲ್ಕು ಗುಂಟೆ ಆಫ್ರಿಕನ್ ಟಾಲ್ ಮೆಕ್ಕೆಜೋಳದಿಂದ ಒಂದೂವರೆ ಟನ್ನಿಗೂ ಹೆಚ್ಚು ಹಸಿ ಮೇವು ಸಿಗುತ್ತದೆ. ಒಂದು ಹಸುವಿಗೆ ದಿನಕ್ಕೆ 15 ಕಿ.ಗ್ರಾಂ.ನಂತೆ ಇದು ನೂರು ದಿನಗಳ ಪಾಲು.

ಗುಂಡಿಯ ರಸಮೇವು ಒಂದೆರಡು ಹಸುಗಳ ಮನೆಗೆ ಅಷ್ಟಾಗಿ ಒಗ್ಗುವುದಿಲ್ಲ. ಒಮ್ಮೆ ತೆರೆದ ಗುಂಡಿಯ ಇಡೀ ಮುಖದಿಂದ ಪ್ರತಿದಿನ ಒಂದು ಪದರವನ್ನು ತೆಗೆಯಬೇಕು. ತೆಗೆಯುವ ಪ್ರಮಾಣ ಕಡಿಮೆಯಾದರೆ ಗಾಳಿ ತಗುಲಿದ ಭಾಗ ಬೇಸಿಗೆಯ ಸೆಕೆಗೆ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಒಳಗೆ ಪ್ಲಾಸ್ಟಿಕ್ ಹಾಳೆಯಿರುವ 50 ಕಿ.ಗ್ರಾಂ. ಚೀಲಗಳಲ್ಲಿ ತುಂಬಿಟ್ಟರೆ ಎರಡು ಮೂರು ದಿನಕ್ಕೊಂದು ಚೀಲ ಬಿಚ್ಚಿ ಮುಗಿಸಬಹುದು. ಚೀಲಕ್ಕೆ ಇಲಿ, ಹೆಗ್ಗಣಗಳು ತೂತು ಮಾಡದಂತೆ ಕಾಯುವುದೇ ಇಲ್ಲಿನ ಕಷ್ಟ.

ಯೂರಿಯಾ ಉಪಚಾರ

ಭತ್ತ ಮತ್ತು ಗೋಧಿಯ ಹುಲ್ಲಿಗೆ ಯೂರಿಯಾ ಉಪಚಾರ ಮಾಡುವುದರಿಂದ ಅದರ ಸಸಾರಜನಕದ ಮಟ್ಟ ಸುಮಾರು ಎರಡು ಪಟ್ಟಾಗುತ್ತದೆ, ಜೀರ್ಣವಾಗುವಿಕೆಯೂ ಹೆಚ್ಚುತ್ತದೆ. 100 ಕಿ.ಗ್ರಾಂ. ಒಣಹುಲ್ಲಿಗೆ 4 ಕಿ.ಗ್ರಾಂ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹಾಳೆಯಿಂದ 21 ದಿನ ಮುಚ್ಚಿಡಲಾಗುತ್ತದೆ. ತಿನ್ನಿಸುವ ಮೊದಲು ಒಂದು ಗಂಟೆ ಹರವಿ ಅಮೋನಿಯಾ ವಾಸನೆ ಹೋಗಲು ಬಿಡಬೇಕು. ಮೊದಲ ವಾರ ಸ್ವಲ್ಪ ಸ್ವಲ್ಪವಾಗಿ ರೂಢಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು.

ಸೋಯಾ ಬೆಳೆಯುವ ಸೀಮೆಯಲ್ಲಿ ಇನ್ನೊಂದು ಎಚ್ಚರ ಅಗತ್ಯ. ಹಸಿ ಸೋಯಾ ಕಾಳಿನಲ್ಲಿ ಯೂರಿಯೇಸ್ ಎಂಬ ಕಿಣ್ವವಿದ್ದು, ಅದು ಯೂರಿಯಾವನ್ನು ಹೊಟ್ಟೆಯಲ್ಲಿ ವೇಗವಾಗಿ ಅಮೋನಿಯಾ ಆಗಿ ಒಡೆಯುತ್ತದೆ. ಆದುದರಿಂದ ಹುರಿಯದ ಸೋಯಾ ಕಾಳನ್ನು ಯೂರಿಯಾ ಬೆರೆತ ಮೇವಿನೊಂದಿಗೆ ಕೊಡಕೂಡದು.

ನೀರು ಮತ್ತು ಸೆಕೆ

ಬೇಸಿಗೆಯಲ್ಲಿ ಹಾಲಿನ ಹಸುವಿಗೆ ಕುಡಿಯಲು ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕಾಗುತ್ತದೆ. ದಿನಕ್ಕೆರಡು ಬಾರಿ ಬಕೆಟ್‌ನಲ್ಲಿ ಕುಡಿಸುವ ರೂಢಿಯಿಂದ ಇದು ಪೂರೈಸುವುದಿಲ್ಲ. ನೆರಳಿನಲ್ಲಿ ಸದಾ ನೀರಿರುವ ತೊಟ್ಟಿ ಬೇಕು. ನೀರು ಕಡಿಮೆಯಾದಾಗ ಹಸು ಒಣಮೇವನ್ನೂ ಬಿಡುತ್ತದೆ. ಮೇವಿನ ಹೆಚ್ಚಿನ ಭಾಗವನ್ನು ನಸುಕಿನಲ್ಲಿ ಮತ್ತು ರಾತ್ರಿ ಹಾಕಿದರೆ ಅದೇ ಪ್ರಮಾಣವನ್ನು ಹಸು ಹೆಚ್ಚು ಸಲೀಸಾಗಿ ತಿನ್ನುತ್ತದೆ.

ಋತುವಿನ ಅಪಾಯಗಳು

ಏಪ್ರಿಲ್–ಮೇ ಮದುವೆಯ ಕಾಲ. ಮಿಕ್ಕ ಅನ್ನ, ಚಪಾತಿ, ಸಿಹಿ ಅಡುಗೆಗಳನ್ನು ವ್ಯರ್ಥವಾಗಬಾರದೆಂದು ಹಸುವಿಗೆ ಹಾಕುವುದು ಎಲ್ಲೆಡೆ ಇದೆ. ಕಣಕಿಗೆ ಒಗ್ಗಿದ ಮೆಲುಕುಚೀಲಕ್ಕೆ ಒಮ್ಮೆಲೇ ಇಷ್ಟು ಪಿಷ್ಟ ಬಿದ್ದಾಗ ಆಮ್ಲ ಹೆಚ್ಚಿ, ಹಸು ಮೆಲುಕು ನಿಲ್ಲಿಸಿ, ಹೊಟ್ಟೆ ಭಾರವಾಗಿ ಮಲಗುತ್ತದೆ. ಸಕಾಲಕ್ಕೆ ಪಶುವೈದ್ಯರ ಚಿಕಿತ್ಸೆ ದೊರೆಯದಿದ್ದರೆ ಸಾಯಲೂಬಹುದು. ರಂಜಕದ ಕೊರತೆಯಿಂದ ಬಟ್ಟೆ, ಮೂಳೆ, ಪ್ಲಾಸ್ಟಿಕ್ ಅಗಿಯುವ ಚಟವೂ ಈ ತಿಂಗಳುಗಳಲ್ಲಿ ಹೆಚ್ಚು. ಖನಿಜ ಮಿಶ್ರಣ ತಪ್ಪಿದ್ದರ ಸೂಚನೆ ಅದು. ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷವು ಹಾಲಿಗೂ ಇಳಿಯುತ್ತದೆ. ಮಾರ್ಚ್–ಏಪ್ರಿಲ್‌ನ ಅಕಾಲಿಕ ಮಳೆಗೆ ನೆನೆದ ಬಣವೆ ಒಳಗಿಂದ ಕೊಳೆಯುವುದರಿಂದ ಕಲ್ಲು ಅಥವಾ ಕಟ್ಟಿಗೆಯ ಅಟ್ಟಣೆಯ ಮೇಲೆ ಒಟ್ಟಿ, ಮೇಲ್ಭಾಗವನ್ನು ಮುಚ್ಚುವುದು ವಾಡಿಕೆ.

ಬರದ ವರ್ಷಗಳು

1972ರ ಬರ ಈ ಭಾಗದ ಹಿರಿಯರ ನೆನಪಿನಲ್ಲಿ ಇನ್ನೂ ಉಳಿದಿದೆ. 2015–16ರಲ್ಲಿ ಮತ್ತೆ ತೀವ್ರ ಬರ ಬಂದು, 2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರು ನಗರಕ್ಕೆ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಇಂತಹ ವರ್ಷಗಳಲ್ಲಿ ರಾಜ್ಯ ಸರ್ಕಾರವು ಗೋಶಾಲೆಗಳನ್ನು ಮತ್ತು ರಿಯಾಯಿತಿ ದರದ ಮೇವು ಬ್ಯಾಂಕುಗಳನ್ನು ತೆರೆಯುತ್ತದೆ. ಗೋಶಾಲೆಯಲ್ಲಿ ರಾಸು ಬದುಕುಳಿಯುತ್ತದೆ, ಆದರೆ ಮನೆಯಿಂದ ದೂರವಿರುವ ಶಿಬಿರದಲ್ಲಿ ಹಾಲು ಕರೆದು ಸಂಘಕ್ಕೆ ಹಾಕುವುದು ಕಷ್ಟ.

ಮೇವು ಎಲ್ಲ ರಾಸುಗಳಿಗೂ ಸಾಲದಿದ್ದಾಗ ಸಮನಾಗಿ ಹಂಚುವುದು ನ್ಯಾಯವೆನಿಸಿದರೂ ಫಲಕಾರಿಯಲ್ಲ. ಗಬ್ಬದ ಕೊನೆಯ ಎರಡು–ಮೂರು ತಿಂಗಳಲ್ಲಿರುವ ಹಸು, ಕರು ಹಾಕಿ ಮೂರು ತಿಂಗಳಾಗದ ಹಸು ಮತ್ತು ಎಳೆಗರುಗಳಿಗೆ ಒಳ್ಳೆಯ ಮೇವು ಹಾಗೂ ಹಿಂಡಿಯನ್ನು ಮೀಸಲಿಟ್ಟು, ಬತ್ತಿದ ಹಸು ಮತ್ತು ಕೆಲಸವಿಲ್ಲದ ಎತ್ತುಗಳನ್ನು ಕಣಕಿ–ಹೊಟ್ಟಿನ ಮೇಲೆ ಕಾಪಾಡುವುದು ಸೂಕ್ತ ಕ್ರಮ. ಒಂದು ರಾಸನ್ನು ಮಾರಲೇಬೇಕಾದರೆ ಜನವರಿಯಲ್ಲಿ ಮೈತುಂಬಿದ ಹಸುವಿಗೆ ಸಿಗುವ ಬೆಲೆ ಮೇ ತಿಂಗಳಲ್ಲಿ ಸಿಗುವುದಿಲ್ಲ. 2020ರ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯು ಎಲ್ಲ ವಯಸ್ಸಿನ ಹಸು, ಎತ್ತುಗಳ ವಧೆಯನ್ನು ನಿಷೇಧಿಸಿರುವುದರಿಂದ, ಹಾಲು ನಿಂತ ಮುದಿ ರಾಸಿನ ಪಾಲನ್ನೂ ಬಣವೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕಾಗುತ್ತದೆ.

ಮಾಹಿತಿ ಮತ್ತು ತರಬೇತಿಗೆ ಜಿಲ್ಲೆಯಲ್ಲಿ 2004ರ ಕಾಯ್ದೆಯಡಿ ಸ್ಥಾಪನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಜನವಾಡದ ಕೃಷಿ ವಿಜ್ಞಾನ ಕೇಂದ್ರ ಮತ್ತು ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಿವೆ.

ಮೊದಲ ಮಳೆ

ಬೇಸಿಗೆಯ ಕೊನೆಯ ಅಪಾಯ ಮಳೆಯೊಂದಿಗೇ ಬರುತ್ತದೆ. ಜೋಳದ ಕೂಳೆ ಚಿಗುರಿದಾಗ ಅಥವಾ ಬಿತ್ತಿದ ಜೋಳ ಮೊಣಕಾಲೆತ್ತರದಲ್ಲಿ ಮಳೆ ಕೈಕೊಟ್ಟು ಬಾಡಿದಾಗ ಆ ಎಳೆಯ ಗಿಡದಲ್ಲಿ ಹೈಡ್ರೋಸಯನಿಕ್ ಆಮ್ಲವನ್ನು ಬಿಡುಗಡೆ ಮಾಡುವ ಧುರಿನ್ ಎಂಬ ಅಂಶ ಹೆಚ್ಚಾಗಿರುತ್ತದೆ. ತಿಂಗಳುಗಳಿಂದ ಹಸಿರು ಕಾಣದ ಹಸು ಹೊಟ್ಟೆತುಂಬ ಮೇಯ್ದರೆ ಉಸಿರುಗಟ್ಟಿ, ಅದುರಿ, ಕೆಲವೇ ನಿಮಿಷಗಳಲ್ಲಿ ಬೀಳಬಹುದು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಇದಕ್ಕೆ ಚಿಕಿತ್ಸೆಯಾದರೂ ಪಶುವೈದ್ಯರು ತಲಪುವಷ್ಟು ಸಮಯ ಉಳಿಯುವುದು ಅಪರೂಪ. ಹೂ ಬರುವವರೆಗೆ ಹಸಿ ಜೋಳವನ್ನು ಮೇಯಿಸದಿರುವುದು, ಕೊಡಲೇಬೇಕಾದರೆ ಕೊಯ್ದು ಚೆನ್ನಾಗಿ ಒಣಗಿಸುವುದು ರೂಢಿಯ ಮುನ್ನೆಚ್ಚರಿಕೆ. ಹೊಸ ಹುಲ್ಲು ಹಸಿರಾಗಿ ಕಂಡರೂ ಅದರಲ್ಲಿ ನೀರೇ ಹೆಚ್ಚು. ಜೂನ್‌ನ ಎರಡು ವಾರ ಬೆಳಗ್ಗೆ ಕಣಕಿ ತಿನ್ನಿಸಿಯೇ ಮೇಯಲು ಬಿಡಬೇಕಾದ್ದರಿಂದ, ಬಣವೆಯ ಕೊನೆಯ ಸಿವುಡುಗಳನ್ನು ಆ ದಿನಗಳಿಗೆ ಉಳಿಸಿಕೊಳ್ಳಲಾಗುತ್ತದೆ.